ಹಾಡಿನ ಅಡಿಯಲ್ಲಿದ್ದ ಡ್ರಮ್ಮು

1960ರ ದಶಕದ ಕೊನೆಗೆ ಇಂಗ್ಲೆಂಡಿನ ಕೆಲವು ತರುಣ ತರುಣಿಯರು ತಮ್ಮ ನಾಡಿನ ಹಳೆಯ ಜನಪದ ಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರು, ಬೇಸ್ ಗಿಟಾರು, ಡ್ರಮ್ಮುಗಳ ಜೊತೆ ಹಾಡತೊಡಗಿದರು. ಫೋಕ್ ರಾಕ್ ಎಂದು ಹೆಸರಾದ ಆ ಸಂಗೀತದ ಒಳ್ಳೆಯ ಕಾಲ ಐದಾರು ವರ್ಷ, ಅಷ್ಟೇ. ಆಗ ಬಂದ ಮುಖ್ಯ ರೆಕಾರ್ಡುಗಳೆಲ್ಲ ಈಗ ರೀಮಾಸ್ಟರ್ ಆಗಿ ಬಂದಿವೆ. ಮೂಲ ಟೇಪುಗಳನ್ನು ಉಗ್ರಾಣದಿಂದ ತೆಗೆದು, ಒಳ್ಳೆಯ ಯಂತ್ರದಲ್ಲಿ ಮತ್ತೆ ನುಡಿಸಿ ಸಿದ್ಧಪಡಿಸಿದ ಪ್ರತಿಗಳು ಅವು. ಅವನ್ನು ಕೇಳುತ್ತ ಹೋದಂತೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಈ ಸಂಗೀತದ ಬಗ್ಗೆ ಬರೆದವರು ಹಾಡಿದವರ ಕಂಠವನ್ನು ಹೊಗಳಿದ್ದಾರೆ, ಗಿಟಾರನ್ನು ಹೊಗಳಿದ್ದಾರೆ, ಪಿಟೀಲನ್ನು ಹೊಗಳಿದ್ದಾರೆ. ಅದೆಲ್ಲ ಸಲ್ಲಬೇಕಾದದ್ದೇ. ಆದರೆ ಆ ಸಂಗೀತಗಾರರು ಮಾಡಿದ ಅತ್ಯಂತ ಕಷ್ಟದ ಕೆಲಸ, ಅತ್ಯಂತ ಹೊಸ ಕೆಲಸ, ತಾಳದ್ದು. ಹಳೆಯ ರೆಕಾರ್ಡುಗಳಲ್ಲಿ ಸರಿಯಾಗಿ ಕೇಳಿಸದೆ ಹೋಗಿದ್ದೂ ಅದೇ.

ಯಾಕೆ ಕಷ್ಟ ಎಂದರೆ, ಇಂಗ್ಲೆಂಡಿನ ಹಳ್ಳಿಗಾಡಿನ ಹಾಡುಗಾರರು ಬಹುತೇಕ ಪಕ್ಕವಾದ್ಯವೇ ಇಲ್ಲದೆ ಹಾಡುತ್ತಿದ್ದರು. ಶ್ರುತಿಯಿಲ್ಲ, ತಾಳವಾದ್ಯವಿಲ್ಲ. ಕಥೆ ಹೇಳುತ್ತ ಹೋಗುವಾಗ ಒಂದು ಸಾಲು ಬೇಗ ಮುಗಿಯುತ್ತದೆ, ಇನ್ನೊಂದು ಸಾಲಿನಲ್ಲಿ ಒಂದು ಹೆಸರಿನ ಮೇಲೆ ದನಿ ನಿಲ್ಲುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಲಯವೇ ಕಾದು ನಿಲ್ಲುತ್ತದೆ. 1903ರಲ್ಲಿ ಸಾಮರ್ಸೆಟ್ ಪ್ರಾಂತದ ಹ್ಯಾಂಬ್ರಿಜ್ ಎಂಬ ಹಳ್ಳಿಯಲ್ಲಿ ತೋಟದ ಕೆಲಸದ ಜಾನ್ ಇಂಗ್ಲೆಂಡ್ ಎಂಬಾತ ಹಾಡಿಕೊಳ್ಳುತ್ತಿದ್ದುದನ್ನು ಸೆಸಿಲ್ ಶಾರ್ಪ್ ಕೇಳಿದರು. ಅಲ್ಲಿಂದ ಅವರ ಸಂಗ್ರಹ ಶುರುವಾಯಿತು. ಶಾರ್ಪ್ ಮತ್ತು ಅವರ ಜೊತೆಯವರು ಸಾವಿರಾರು ಹಾಡುಗಳನ್ನು ಬರೆದಿಟ್ಟು ಉಳಿಸಿದರು. ಆದರೆ ಅವು ಶಾಲೆಯ ಪುಸ್ತಕಗಳಿಗೆ ಬರುವಷ್ಟರಲ್ಲಿ ಪಿಯಾನೊ ಜೊತೆ ಅಚ್ಚುಕಟ್ಟಾಗಿ, ಅಳತೆಗೆ ಸರಿಯಾಗಿ ಕೂತುಬಿಟ್ಟಿದ್ದವು.

ಪರ್ಸಿ ಗ್ರೇಂಜರ್ ಎಂಬ ಆಸ್ಟ್ರೇಲಿಯಾದ ಪಿಯಾನೊ ವಾದಕರಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ಅವರು 1906ರಲ್ಲಿ ಲಿಂಕನ್‌ಷೈರಿಗೆ ಫೋನೋಗ್ರಾಫ್ ಹೊತ್ತುಕೊಂಡು ಹೋಗಿ, ಹಾಡುಗಳನ್ನು ಮೇಣದ ಸಿಲಿಂಡರುಗಳ ಮೇಲೆ ಹಿಡಿದರು. ಯಂತ್ರವನ್ನು ನಿಧಾನ ಮಾಡಿ ಮತ್ತೆ ಮತ್ತೆ ಕೇಳಿ, ಹಾಡುಗಾರ ನಿಜವಾಗಿ ಎಷ್ಟು ಮಾತ್ರೆ ನಿಂತ, ಎಲ್ಲಿ ಅರ್ಧ ಮಾತ್ರೆ ಜಾರಿದ ಎಂಬುದನ್ನೆಲ್ಲ ಸ್ವರಲಿಪಿಯಲ್ಲಿ ಬರೆದರು. ಅವರ ಕಾಗದದಲ್ಲಿ ತಾಳ ಸಾಲು ಸಾಲಿಗೂ ಬದಲಾಗುತ್ತದೆ. ಅವರಿಗೆ ಸಿಕ್ಕಿದ ಶ್ರೇಷ್ಠ ಹಾಡುಗಾರ ಜೋಸೆಫ್ ಟೇಲರ್, ಎಪ್ಪತ್ತು ದಾಟಿದ ಹಿರಿಯ. 1908ರಲ್ಲಿ ಗ್ರಾಮೊಫೋನ್ ಕಂಪನಿ ಟೇಲರ್ ಅವರ ಹಾಡುಗಳ ರೆಕಾರ್ಡು ತಂದಿತು. ಇವತ್ತೂ ಅವು ಕೇಳಲು ಸಿಗುತ್ತವೆ. ಗರಗರ ಸದ್ದಿನ ಹಿಂದಿನಿಂದ ಒಂದು ಹಗುರವಾದ, ಖುಷಿಯ ಕಂಠ ಬರುತ್ತದೆ. ಅದಕ್ಕೆ ಕೈಯಲ್ಲಿ ತಾಳ ಹಾಕಲು ಹೋಗಿ, ಎರಡು ಸಾಲಿಗೆ ತಪ್ಪುತ್ತದೆ. ಅರವತ್ತು ವರ್ಷದ ನಂತರ ಲಂಡನ್ನಿನ ಹುಡುಗರ ಮುಂದೆ ಬಂದು ನಿಂತ ಸಮಸ್ಯೆ ಇದೇ. ಇಂಥ ಹಾಡಿನ ಕೆಳಗೆ ಡ್ರಮ್ ಇಡುವುದು ಹೇಗೆ?

ಆ ಹುಡುಗರ ಗುಂಪಿನ ಹೆಸರು ಫೇರ್‌ಪೋರ್ಟ್ ಕನ್ವೆನ್ಷನ್. ಉತ್ತರ ಲಂಡನ್ನಿನ ಮಸ್ವೆಲ್ ಹಿಲ್‌ನಲ್ಲಿ ಫೇರ್‌ಪೋರ್ಟ್ ಎಂಬ ಹೆಸರಿನ ಒಂದು ಮನೆ. ಅಲ್ಲಿ ಸೇರಿ ಅಭ್ಯಾಸ ಮಾಡುತ್ತಿದ್ದುದರಿಂದ ಆ ಹೆಸರು. ಬೇಸ್ ಗಿಟಾರಿನ ಆಶ್ಲಿ ಹಚಿಂಗ್ಸ್, ಗಿಟಾರಿನ ಸೈಮನ್ ನಿಕೋಲ್ ಮತ್ತು ರಿಚರ್ಡ್ ಥಾಂಪ್ಸನ್. ಮೊದಲ ಕಾರ್ಯಕ್ರಮ 1967ರ ಮೇ 27ರಂದು ಗೋಲ್ಡರ್ಸ್ ಗ್ರೀನ್‌ನ ಒಂದು ಚರ್ಚಿನ ಸಭಾಂಗಣದಲ್ಲಿ. ಅಂದು ಕೇಳಲು ಬಂದಿದ್ದ ಮಾರ್ಟಿನ್ ಲ್ಯಾಂಬಲ್ ಎಂಬ ಹುಡುಗ, ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು, ನಿಮ್ಮ ಡ್ರಮ್ಮಿನವನಿಗಿಂತ ಚೆನ್ನಾಗಿ ನಾನು ಬಾರಿಸಬಲ್ಲೆ ಎಂದನಂತೆ. ಬಾರಿಸಿ ತೋರಿಸಿದ. ಸೇರಿಸಿಕೊಂಡರು. ಮರುವರ್ಷ ಸ್ಯಾಂಡಿ ಡೆನ್ನಿ ಗಾಯಕಿಯಾಗಿ ಬಂದರು. ಲಂಡನ್ನಿನ ಫೋಕ್ ಕ್ಲಬ್ಬುಗಳಲ್ಲಿ ಒಬ್ಬರೇ ಹಾಡುತ್ತಿದ್ದವರು. ಅಲ್ಲಿಯವರೆಗೆ ಅಮೆರಿಕದ ಹಾಡುಗಳನ್ನೇ ಹೆಚ್ಚಾಗಿ ಹಾಡುತ್ತಿದ್ದ ತಂಡಕ್ಕೆ ಹಳೆಯ ಇಂಗ್ಲಿಷ್ ಹಾಡುಗಳನ್ನು ತಂದುಕೊಟ್ಟವರು ಇವರು.

ಆ ಹಾಡುಗಳಲ್ಲಿ ಒಂದು ‘ಎ ಸೈಲರ್ಸ್ ಲೈಫ್’. ಪ್ರಿಯಕರ ಹಡಗಿನಲ್ಲಿ ಹೋಗಿದ್ದಾನೆ. ಹುಡುಗಿ ಅಪ್ಪನ ಬಳಿ ದೋಣಿ ಕಟ್ಟಿಸಿಕೊಡು ಎಂದು ಕೇಳಿ, ಅವನನ್ನು ಹುಡುಕಿಕೊಂಡು ಸಮುದ್ರಕ್ಕೆ ಹೋಗುತ್ತಾಳೆ. ಎದುರಾದ ಹಡಗಿನವರು ಅವನು ಮುಳುಗಿದ ಸುದ್ದಿ ಹೇಳುತ್ತಾರೆ. ಅವಳು ಉಳಿಯುವುದಿಲ್ಲ. ನಮ್ಮ ‘ಕೆರೆಗೆ ಹಾರ’ದಲ್ಲಿ ಹೇಗೋ ಹಾಗೆ ಇಲ್ಲೂ ವಿವರಣೆ ಇಲ್ಲ. ನಡೆದದ್ದನ್ನು ನಡೆದಂತೆ ಹೇಳಿ ಮುಂದೆ ಹೋಗುತ್ತದೆ. ಸ್ಯಾಂಡಿ ಇದನ್ನು ವೇದಿಕೆಯ ಹಿಂದಿನ ಕೋಣೆಯಲ್ಲಿ ಹಾಡಿಕೊಳ್ಳುತ್ತಿದ್ದರು. ಉಳಿದವರು ಜೊತೆಗೂಡಿದರು. ಅದನ್ನೇ ವೇದಿಕೆಗೂ ತಂದರು. 1969ರಲ್ಲಿ ‘ಅನ್‌ಹಾಫ್‌ಬ್ರಿಕಿಂಗ್’ ಎಂಬ ರೆಕಾರ್ಡಿಗಾಗಿ ಸ್ಟುಡಿಯೋದಲ್ಲಿ ನುಡಿಸಿದಾಗ ಡೇವ್ ಸ್ವಾರ್ಬ್ರಿಕ್ ಎಂಬ ಪಿಟೀಲು ವಾದಕರನ್ನು ಅತಿಥಿಯಾಗಿ ಕರೆದಿದ್ದರು. ಹನ್ನೊಂದು ನಿಮಿಷದ ಹಾಡು. ಒಂದೇ ಸಲಕ್ಕೆ, ಎಲ್ಲರೂ ಒಟ್ಟಿಗೆ ಕೂತು ನುಡಿಸಿ ಮುಗಿಸಿದರು.

ಇದನ್ನು ನಾನು ವರ್ಷಗಟ್ಟಲೆ ಕೇಳಿದ್ದು ಗೆಳೆಯರೊಬ್ಬರು ಕೊಟ್ಟ ಕ್ಯಾಸೆಟ್ಟಿನಲ್ಲಿ. ಅದರಲ್ಲಿ ಸ್ಯಾಂಡಿಯ ದನಿ ಇತ್ತು, ಗಿಟಾರು ಇತ್ತು, ಪಿಟೀಲು ಇತ್ತು. ಹಿಂದೆ ಏನೋ ಒಂದು ಮೊರೆತ. ರೀಮಾಸ್ಟರ್ ಆದ ಪ್ರತಿಯಲ್ಲಿ ಆ ಮೊರೆತ ಮಾರ್ಟಿನ್ ಲ್ಯಾಂಬಲ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ಆಗಿದೆ. ಆತ ಇಲ್ಲಿ ಮೊದಲು ತಾಳ ಹಿಡಿಯುವುದೇ ಇಲ್ಲ. ಸ್ಯಾಂಡಿ ಕಥೆ ಶುರುಮಾಡುವಾಗ ಸಿಂಬಲ್ಸ್ ಮೇಲೆ ಮೆತ್ತಗೆ ಉರುಳಿಸುತ್ತಾನೆ, ಅವರು ಸಾಲು ಮುಗಿಸಿದಾಗ ಸ್ವಲ್ಪ ಏರಿಸಿ ಮತ್ತೆ ತಗ್ಗಿಸುತ್ತಾನೆ. ಹಾಡುಗಾರ್ತಿ ಎಲ್ಲಿ ಬೇಕಾದರೂ ನಿಲ್ಲಬಹುದು, ಹಿಂದಿನಿಂದ ದೂಡುವವರು ಯಾರೂ ಇಲ್ಲ. ಜೋಸೆಫ್ ಟೇಲರ್ ಅವರಿಗೆ ಇದ್ದ ಸ್ವಾತಂತ್ರ್ಯ ಸ್ಯಾಂಡಿಗೂ ಉಳಿದಿದೆ. ಕಥೆಯಲ್ಲಿ ಸಾವಿನ ಸುದ್ದಿ ಬಂದು, ಹಾಡು ಮುಗಿದು, ಗಿಟಾರು ಪಿಟೀಲು ಒಂದನ್ನೊಂದು ಅಟ್ಟಿಸಿಕೊಂಡು ಹೋಗತೊಡಗಿದಾಗ ನಿಧಾನವಾಗಿ ಒಂದು ನಡೆ ಹುಟ್ಟುತ್ತದೆ. ಆ ಹುಟ್ಟನ್ನು ಈಗ ಹೆಜ್ಜೆ ಹೆಜ್ಜೆಯಾಗಿ ಕೇಳಬಹುದು. ಲ್ಯಾಂಬಲ್ ಅದನ್ನು ಹೇರುವುದಿಲ್ಲ. ಸ್ವಾರ್ಬ್ರಿಕ್ ಅವರ ಬಿಲ್ಲಿನಿಂದ ಒಂದು ಲಯದ ತುಣುಕನ್ನು ಹೆಕ್ಕಿಕೊಂಡು, ಅದನ್ನು ಡ್ರಮ್ಮಿಗೆ ತಂದು, ಬೆಳೆಸುತ್ತಾನೆ. ಪಿಟೀಲು ಇಲ್ಲದೆ ತಂಡ ನುಡಿಸಿದ ಇನ್ನೊಂದು ಮುದ್ರಣ ರಿಚರ್ಡ್ ಥಾಂಪ್ಸನ್ ಅವರ ‘ವಾಚಿಂಗ್ ದ ಡಾರ್ಕ್’ ಎಂಬ 1993ರ ಸಂಕಲನದಲ್ಲಿದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಆ ಹುಡುಗ ಬೇರೆಯವರನ್ನು ಎಷ್ಟು ಕಿವಿಗೊಟ್ಟು ಕೇಳುತ್ತಿದ್ದ ಎಂಬುದು ಗೊತ್ತಾಗುತ್ತದೆ.

ಇದು ಹಳೆಯ ರೆಕಾರ್ಡಿನಲ್ಲಿ ಯಾಕೆ ಕೇಳಿಸುತ್ತಿರಲಿಲ್ಲ? ಕಾರಣ ಸರಳವಾಗಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್‌ಪಿ ರೆಕಾರ್ಡು ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ತುಸು ಹೆಚ್ಚು ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ನಡುವಿನ ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಅದು ಸುಮಾರು 20 ಸೆಂಟಿಮೀಟರಿಗೆ ಇಳಿದಿರುತ್ತದೆ. ಅಷ್ಟೇ ನಾದವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಸಿಂಬಲ್ಸ್‌ನಂಥ ಸಣ್ಣ ಕಂಪನದ ಸದ್ದು ಅಲ್ಲಿ ಒಡೆಯುತ್ತದೆ, ಕಲಸಿಹೋಗುತ್ತದೆ. ‘ಎ ಸೈಲರ್ಸ್ ಲೈಫ್’ ಆ ರೆಕಾರ್ಡಿನ ಮೊದಲ ಬದಿಯ ಕಡೆಯ ಹಾಡು. ಅಂದರೆ ಲ್ಯಾಂಬಲ್ ಅತ್ಯಂತ ಜೋರಾಗಿ, ಅತ್ಯಂತ ಸೂಕ್ಷ್ಮವಾಗಿ ಬಾರಿಸಿದ ಆ ಕೊನೆಯ ನಿಮಿಷಗಳು ರೆಕಾರ್ಡಿನ ಅತ್ಯಂತ ಇಕ್ಕಟ್ಟಿನ ಗೆರೆಗಳಿಗೆ ಬಿದ್ದಿವೆ. ಮಂದ್ರದ ಸದ್ದಿಗೂ ಇನ್ನೊಂದು ತೊಂದರೆ. ಬೇಸ್ ಹೆಚ್ಚಾದರೆ ಗೆರೆ ಅಗಲವಾಗಿ ಓಲಾಡುತ್ತದೆ, ಜಾಗ ತಿನ್ನುತ್ತದೆ, ಕೆಲವೊಮ್ಮೆ ಮುಳ್ಳೇ ಹಾರುತ್ತದೆ. ಆದ್ದರಿಂದ ರೆಕಾರ್ಡು ಕೊರೆಯುವ ಎಂಜಿನಿಯರು ಮಂದ್ರವನ್ನು ಸ್ವಲ್ಪ ಕತ್ತರಿಸುತ್ತಿದ್ದರು. ಒಂದು ಬದಿಯಲ್ಲಿ ಇಪ್ಪತ್ತು ನಿಮಿಷ ಕೂರಿಸಬೇಕಾದವರಿಗೆ ಬೇರೆ ದಾರಿ ಇರಲಿಲ್ಲ.

ಇನ್ನು ಕ್ಯಾಸೆಟ್ಟು. ಸ್ಟುಡಿಯೋದ ಮೂಲ ಟೇಪು ಕಾಲು ಇಂಚು ಅಗಲ, ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ ಓಡುವಂಥದ್ದು. ಕ್ಯಾಸೆಟ್ಟಿನ ಟೇಪು ಅದಕ್ಕಿಂತ ತುಂಬ ಕಿರಿದು, ವೇಗ ಸೆಕೆಂಡಿಗೆ ಐದು ಸೆಂಟಿಮೀಟರೂ ಇಲ್ಲ. ಅದಕ್ಕೂ ಮೂಲದಿಂದಲ್ಲ, ಪ್ರತಿಯ ಪ್ರತಿಯಿಂದ ತುಂಬಿಸಿದ್ದು. ಮೊದಲ ಕಾಲದ ಎಷ್ಟೋ ಸಿಡಿಗಳನ್ನೂ ಎಲ್‌ಪಿ ಕೊರೆಯಲೆಂದು ಮಂದ್ರ ಕತ್ತರಿಸಿ ಇಟ್ಟಿದ್ದ ಟೇಪುಗಳಿಂದಲೇ ಮಾಡಿದರು. ಹೀಗಾಗಿ ಸಿಡಿ ಬಂದ ಮೇಲೂ ಹಾಡು ತೆಳ್ಳಗೇ ಉಳಿದಿತ್ತು.

ಒಳ್ಳೆಯ ರೀಮಾಸ್ಟರ್ ಮಾಡುವವರ ಮೊದಲ ಕೆಲಸ ಹುಡುಕಾಟ. ಉಗ್ರಾಣದಲ್ಲಿರುವ ಹತ್ತಾರು ಡಬ್ಬಿಗಳಲ್ಲಿ ಯಾವುದು ಮೂಲ, ಯಾವುದು ಪ್ರತಿ ಎಂಬುದನ್ನು ಡಬ್ಬಿಯ ಮೇಲಿನ ಕೈಬರಹ, ಟೇಪಿನ ನಡುವಿನ ಜೋಡಣೆಗಳು, ಮೊದಲಲ್ಲಿ ಹಾಕಿರುವ ಅಳತೆಯ ಸ್ವರ ಇವುಗಳಿಂದ ಪತ್ತೆ ಮಾಡಬೇಕು. ಆಮೇಲೆ ಯಂತ್ರದ ಹೆಡ್ಡು ಟೇಪಿಗೆ ಸರಿಯಾದ ಕೋನದಲ್ಲಿ ನಿಲ್ಲುವಂತೆ ತಿರುಪಬೇಕು. ಕೂದಲೆಳೆಯಷ್ಟು ವಾರೆಯಾದರೂ ತಾರದ ಸದ್ದು ಮಂಕಾಗುತ್ತದೆ. ಟೇಪಿಗೂ ಅದರದೇ ಕಾಯಿಲೆಗಳಿವೆ. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಕಾಂತತೆ ಪಕ್ಕದ ಪದರಕ್ಕೆ ಇಳಿದು, ಹಾಡು ಶುರುವಾಗುವ ಒಂದು ಕ್ಷಣ ಮೊದಲೇ ಅದೇ ದನಿ ಬಹಳ ಸಣ್ಣಗೆ ಕೇಳಿಸುತ್ತದೆ. 1970ರ ದಶಕದ ನಡುವಿನಿಂದ ಬಂದ ಕೆಲವು ಬಗೆಯ ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಅಂಥವನ್ನು ಐವತ್ತು ಡಿಗ್ರಿಯ ಆಸುಪಾಸಿನ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ, ಅದು ಮತ್ತೆ ಜಿಗುಟಾಗುವ ಮೊದಲು ನುಡಿಸಿಕೊಳ್ಳಬೇಕು. ಕೇಳುಗರಲ್ಲಿ ಯಾರ ಮನೆಯಲ್ಲಾದರೂ ಹಿರಿಯರ ದನಿ ಇರುವ ಸ್ಪೂಲ್ ಟೇಪೋ ಕ್ಯಾಸೆಟ್ಟೋ ಇದ್ದರೆ, ಅದನ್ನು ಸಿಕ್ಕ ಯಂತ್ರಕ್ಕೆ ಹಾಕಿ ನೋಡಬೇಡಿ. ಬಿಸಿಲು ತೇವ ತಾಗದ ಕಡೆ ನೆಟ್ಟಗೆ ನಿಲ್ಲಿಸಿಟ್ಟು, ಈ ಕೆಲಸ ಬಲ್ಲವರ ಕೈಯಲ್ಲಿ ಒಂದು ಪ್ರತಿ ಮಾಡಿಸಿಕೊಳ್ಳಿ. ಮುಂದೂಡಬೇಡಿ.

ಒಂದು ಮಾತು ಸ್ಪಷ್ಟವಾಗಿರಲಿ. ರೀಮಾಸ್ಟರ್ ಮಾಡುವವರು ಡ್ರಮ್ ಒಂದನ್ನೇ ಹಿಡಿದು ಮೇಲೆತ್ತಲಾರರು. ಬೇರೆ ಬೇರೆ ಪಟ್ಟಿಗಳಲ್ಲಿರುವ ವಾದ್ಯಗಳನ್ನು ಮತ್ತೆ ಬೆರೆಸುವುದು ಬೇರೆಯೇ ಕೆಲಸ, ಅದಕ್ಕೆ ರೀಮಿಕ್ಸ್ ಎನ್ನುತ್ತಾರೆ. ಇಲ್ಲಿ ಇರುವುದು ಬೆರೆತು ಮುಗಿದ ಎಡ ಬಲದ ಎರಡೇ ಪಟ್ಟಿ. ಡ್ರಮ್ ಈಗ ಕೇಳಿಸುತ್ತಿದ್ದರೆ, ಅದು 1969ರಲ್ಲೇ ಅಲ್ಲಿತ್ತು. ಈ ತಂಡದ ಧ್ವನಿಮುದ್ರಣ ಮಾಡುತ್ತಿದ್ದ ಎಂಜಿನಿಯರ್ ಜಾನ್ ವುಡ್. ಅವರು ಜೆಫ್ ಫ್ರಾಸ್ಟ್ ಜೊತೆ ಸೇರಿ ಲಂಡನ್ನಿನ ಚೆಲ್ಸಿಯಲ್ಲಿ ಸೌಂಡ್ ಟೆಕ್ನಿಕ್ಸ್ ಎಂಬ ಸ್ಟುಡಿಯೋ ಕಟ್ಟಿದ್ದರು. ಹಿಂದೆ ಹಾಲಿನ ಡೇರಿಯಾಗಿದ್ದ ಕಟ್ಟಡ ಅದು. ಮುಂಗೋಡೆಯ ಮೇಲೆ ಇಂದಿಗೂ ಹಸುವಿನ ತಲೆಯ ಶಿಲ್ಪವಿದೆ. ಜಾನ್ ವುಡ್ ಎಂಥ ಕೆಲಸಗಾರ ಎಂಬುದು ನಮಗೆ ಪೂರ್ತಿ ಗೊತ್ತಾದದ್ದು ಈ ಹೊಸ ಪ್ರತಿಗಳಿಂದ. ನಿರ್ಮಾಪಕ, ಅಮೆರಿಕದ ಜೋ ಬಾಯ್ಡ್ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ಈ ತಂಡಕ್ಕೆ ದಾರಿ ಮಾಡಿಕೊಟ್ಟವರು ಅವರು.

‘ಅನ್‌ಹಾಫ್‌ಬ್ರಿಕಿಂಗ್’ ಹೊರಬಂದದ್ದು 1969ರ ಜುಲೈಯಲ್ಲಿ. ಮಾರ್ಟಿನ್ ಲ್ಯಾಂಬಲ್ ಅದನ್ನು ನೋಡಲಿಲ್ಲ. ಮೇ 12ರ ಬೆಳಗಿನ ಜಾವ, ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಯಕ್ರಮ ಮುಗಿಸಿ ಲಂಡನ್ನಿಗೆ ಮರಳುವಾಗ ಎಂ-1 ಹೆದ್ದಾರಿಯಲ್ಲಿ ಅವರ ವ್ಯಾನು ಉರುಳಿತು. ಲ್ಯಾಂಬಲ್ ತೀರಿಕೊಂಡ. ಥಾಂಪ್ಸನ್ ಅವರ ಗೆಳತಿ ಜೀನಿ ಫ್ರಾಂಕ್ಲಿನ್ ತೀರಿಕೊಂಡರು. ವ್ಯಾನಿನಲ್ಲಿದ್ದ ಇತರರಿಗೂ ಗಾಯಗಳಾದವು. ತಂಡ ಅಲ್ಲಿಗೇ ನಿಂತುಹೋಗಬಹುದಿತ್ತು.

ನಿಲ್ಲಲಿಲ್ಲ. ಆ ಬೇಸಿಗೆಯಲ್ಲಿ ಅವರು ಹ್ಯಾಂಪ್‌ಷೈರಿನ ಫಾರ್ಲಿ ಚೇಂಬರ್ಲೇನ್ ಎಂಬ ಹಳ್ಳಿಯಲ್ಲಿ ಒಂದು ದೊಡ್ಡ ಮನೆ ಬಾಡಿಗೆಗೆ ಹಿಡಿದು ಒಟ್ಟಿಗೆ ಇದ್ದರು. ಸ್ವಾರ್ಬ್ರಿಕ್ ಪೂರ್ತಿ ಸದಸ್ಯರಾದರು. ಆಶ್ಲಿ ಹಚಿಂಗ್ಸ್ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸಿನ ಗ್ರಂಥಾಲಯದಲ್ಲಿ ಕೂತು ಹಳೆಯ ಹಾಡುಗಳನ್ನು ಹುಡುಕತೊಡಗಿದರು. ಇನ್ನು ಮುಂದೆ ಹಳೆಯ ಹಾಡುಗಳನ್ನು ಬಿಟ್ಟು ಹೋಗುವಂತಿಲ್ಲ ಎಂಬ ತೀರ್ಮಾನ. ಹಿಂದಿನ ಕಾರ್ಯಕ್ರಮಗಳ ಹಾಡುಗಳನ್ನು ಲ್ಯಾಂಬಲ್ ಇಲ್ಲದೆ ಹಾಡುವ ಮನಸ್ಸು ಯಾರಿಗೂ ಇರಲಿಲ್ಲ ಎಂಬುದೂ ಇದರ ಹಿಂದೆ ಇದ್ದಿರಬೇಕು. ಹೊಸ ಡ್ರಮ್ ವಾದಕರಾಗಿ ಬಂದವರು ಡೇವ್ ಮ್ಯಾಟಾಕ್ಸ್. ಇವರು ನೃತ್ಯಶಾಲೆಗಳ ಬ್ಯಾಂಡಿನಲ್ಲಿ ಬಾರಿಸಿ ಬಂದವರು. ಜೋಡಿಗಳು ಹೆಜ್ಜೆ ಹಾಕುವಾಗ ತಾಳ ಒಂದಿಷ್ಟೂ ಅಲ್ಲಾಡಬಾರದು, ಆ ಶಿಸ್ತಿನವರು. ಜನಪದ ಸಂಗೀತ ಅವರಿಗೆ ಹೊಸದು.

1969ರ ಡಿಸೆಂಬರಿನಲ್ಲಿ ಬಂದ ‘ಲೀಜ್ ಅಂಡ್ ಲೀಫ್’ ಈ ಸಂಗೀತದ ಶಿಖರ. 2006ರಲ್ಲಿ ಬಿಬಿಸಿ ರೇಡಿಯೋ 2ರ ಕೇಳುಗರು ಇದನ್ನು ಅತ್ಯಂತ ಪ್ರಭಾವ ಬೀರಿದ ಫೋಕ್ ರೆಕಾರ್ಡು ಎಂದು ಆರಿಸಿದರು. ಅದರಲ್ಲಿ ‘ಮ್ಯಾಟಿ ಗ್ರೋವ್ಸ್’ ಎಂಬ ಎಂಟು ನಿಮಿಷದ ಲಾವಣಿ ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬ ವಿದ್ವಾಂಸರು 305 ಲಾವಣಿಗಳಿಗೆ ಸಂಖ್ಯೆ ಕೊಟ್ಟು ಪ್ರಕಟಿಸಿದ್ದಾರೆ, ಇದು ಅವುಗಳಲ್ಲಿ 81ನೆಯದು. ಹಬ್ಬದ ದಿನ ಚರ್ಚಿನಲ್ಲಿ ಊರೊಡೆಯನ ಹೆಂಡತಿ ಮ್ಯಾಟಿ ಎಂಬ ಬಡ ಹುಡುಗನನ್ನು ಕಂಡು ಮನೆಗೆ ಕರೆಯುತ್ತಾಳೆ. ಆಳು ಓಡಿಹೋಗಿ ಒಡೆಯನಿಗೆ ಸುದ್ದಿ ಮುಟ್ಟಿಸುತ್ತಾನೆ. ಬೆಳಗ್ಗೆ ಮ್ಯಾಟಿ ಕಣ್ಣು ಬಿಟ್ಟರೆ ಮಂಚದ ಕಾಲದೆಸೆಯಲ್ಲಿ ಒಡೆಯ ನಿಂತಿದ್ದಾನೆ. ಎರಡು ಕತ್ತಿಗಳಲ್ಲಿ ಒಳ್ಳೆಯದನ್ನು ಹುಡುಗನಿಗೇ ಕೊಟ್ಟು, ಮೊದಲ ಏಟನ್ನೂ ಅವನಿಗೇ ಬಿಟ್ಟು, ಆಮೇಲೆ ಕೊಲ್ಲುತ್ತಾನೆ. ಹೆಂಡತಿ ಸತ್ತ ಹುಡುಗನೇ ಮೇಲು ಎಂದಾಗ ಅವಳನ್ನೂ ಕೊಲ್ಲುತ್ತಾನೆ. ಇಬ್ಬರನ್ನೂ ಒಂದೇ ಗುಂಡಿಗೆ ಹಾಕಿ, ಅವಳು ದೊಡ್ಡ ಮನೆತನದವಳಾದ್ದರಿಂದ ಅವಳನ್ನು ಮೇಲೆ ಮಲಗಿಸಿ ಎಂದು ಹೇಳುತ್ತಾನೆ.

ಮ್ಯಾಟಾಕ್ಸ್ ಈ ಇಡೀ ರಕ್ತಪಾತದ ಕೆಳಗೆ ಒಂದೇ ನಡೆಯಲ್ಲಿ ಬಾರಿಸುತ್ತಾರೆ. ಗಟ್ಟಿ, ಭಾರ, ಅವಸರವಿಲ್ಲ. ಕತ್ತಿ ಎತ್ತಿದಾಗಲೂ ಡ್ರಮ್ಮು ಉದ್ರೇಕಗೊಳ್ಳುವುದಿಲ್ಲ. ಲ್ಯಾಂಬಲ್ ಹಾಡುಗಾರ್ತಿಗೆ ಸ್ವಾತಂತ್ರ್ಯ ಕೊಟ್ಟದ್ದು ತಾಳವನ್ನೇ ಬಿಟ್ಟು. ಮ್ಯಾಟಾಕ್ಸ್ ಕೊಟ್ಟದ್ದು ತಾಳವನ್ನು ಅಲ್ಲಾಡದಂತೆ ನಿಲ್ಲಿಸಿ. ನೆಲ ಗಟ್ಟಿಯಾಗಿರುವುದರಿಂದ ಸ್ಯಾಂಡಿ ಅದರ ಮೇಲೆ ಕೂದಲೆಳೆಯಷ್ಟು ಹಿಂದೆ ಉಳಿಯಬಹುದು, ಒಂದು ಮಾತನ್ನು ಮುಂಚೆ ಎತ್ತಿಕೊಳ್ಳಬಹುದು, ದಾರಿ ತಪ್ಪುವ ಭಯವಿಲ್ಲ. ಅದೇ ರೆಕಾರ್ಡಿನ ‘ಟ್ಯಾಮ್ ಲಿನ್’ನಲ್ಲಿ ಮತ್ತೊಂದು ಉಪಾಯ. ಸಾಲುಗಳ ನಡುವೆ ಡ್ರಮ್ಮು, ಬೇಸು, ಗಿಟಾರು ಒಟ್ಟಾಗಿ ಅಪ್ಪಳಿಸಿ ನಿಲ್ಲುತ್ತವೆ. ಆ ಅಂತರದಲ್ಲಿ ಕಿನ್ನರ ರಾಣಿಯ ಕಥೆ ಮುಂದೆ ಸಾಗುತ್ತದೆ. ನನ್ನ ಕ್ಯಾಸೆಟ್ಟಿನಲ್ಲಿ ಈ ಅಪ್ಪಳಿಕೆಗಳು ಬರೀ ಗದ್ದಲವಾಗಿದ್ದವು. ಈಗ ಪ್ರತಿ ಏಟಿನ ಆಮೇಲಿನ ಖಾಲಿ ಜಾಗವೂ ಕೇಳಿಸುತ್ತದೆ. ಸ್ಯಾಂಡಿ ಅಲ್ಲಿ ಉಸಿರು ತೆಗೆದುಕೊಳ್ಳುವುದು ಕೂಡ. ಈ ಹಾಡು ಸ್ಕಾಟ್ಲೆಂಡಿನ ಗಡಿ ಸೀಮೆಯದು. ರಾಬರ್ಟ್ ಬರ್ನ್ಸ್ ಬರೆದಿಟ್ಟ ರೂಪವೇ ಇದರ ಪ್ರಸಿದ್ಧ ಪಾಠ. ಇಂಗ್ಲಿಷ್ ಫೋಕ್ ರಾಕ್ ಎಂದು ನಾವು ಕರೆಯುವುದರ ದೊಡ್ಡ ಪಾಲು ಹೀಗೆ ನೆರೆಯ ಸೀಮೆಗಳಿಂದ ಬಂದದ್ದು.

ಆ ರೆಕಾರ್ಡು ಅಂಗಡಿಗೆ ಬರುವ ಮೊದಲೇ ಆಶ್ಲಿ ಹಚಿಂಗ್ಸ್ ಮತ್ತು ಸ್ಯಾಂಡಿ ಡೆನ್ನಿ ಇಬ್ಬರೂ ತಂಡ ಬಿಟ್ಟಿದ್ದರು. ಹಚಿಂಗ್ಸ್ ಕಟ್ಟಿದ ಹೊಸ ತಂಡ ಸ್ಟೀಲೈ ಸ್ಪ್ಯಾನ್. ಈ ಹೆಸರು ‘ಹಾರ್ಕ್‌ಸ್ಟೋ ಗ್ರೇಂಜ್’ ಎಂಬ ಹಾಡಿನಲ್ಲಿ ಬರುವ ಒಬ್ಬ ಗಾಡಿಯಾಳಿನದು. ಆ ಹಾಡನ್ನು ಲಿಂಕನ್‌ಷೈರಿನಲ್ಲಿ ಸಂಗ್ರಹಿಸಿದವರು ಪರ್ಸಿ ಗ್ರೇಂಜರ್. ಈ ತಂಡದ 1971ರ ‘ಪ್ಲೀಸ್ ಟು ಸೀ ದ ಕಿಂಗ್’ನಲ್ಲಿ ಡ್ರಮ್ ವಾದಕರೇ ಇಲ್ಲ. ಆದರೂ ಅದು ರಾಕ್ ಸಂಗೀತವೇ. ಬೇಸ್ ಗಿಟಾರು, ಮಾರ್ಟಿನ್ ಕಾರ್ತಿ ಅವರ ಎಲೆಕ್ಟ್ರಿಕ್ ಗಿಟಾರಿನ ಕತ್ತರಿಸಿದಂಥ ಮೀಟು, ಪೀಟರ್ ನೈಟ್ ಅವರ ಪಿಟೀಲು, ಮ್ಯಾಡಿ ಪ್ರಯರ್ ಅವರ ಚೂಪಾದ ಉಚ್ಚಾರಣೆ, ಇವೇ ಸೇರಿ ತಾಳ ಕಟ್ಟುತ್ತವೆ. ಮಂದ್ರ ಕತ್ತರಿಸಿದ ಪ್ರತಿಯಲ್ಲಿ ಇಂಥ ಸಂಗೀತಕ್ಕೆ ಬೆನ್ನುಮೂಳೆಯೇ ಇರುವುದಿಲ್ಲ. ಹೊಸ ಪ್ರತಿಯಲ್ಲಿ ಬೇಸು ತುಂಬಿ ಬಂದ ಮೇಲೆ, ಡ್ರಮ್ಮಿಲ್ಲ ಎಂಬುದೇ ನೆನಪಾಗುವುದಿಲ್ಲ. ನನಗೆ ಅವರ ರೆಕಾರ್ಡುಗಳಲ್ಲಿ ಇದೇ ಅತ್ಯಂತ ಪ್ರಿಯ. ಮುಂದೆ ಅವರು ಡ್ರಮ್ ಸೇರಿಸಿಕೊಂಡರು, 1975ರ ‘ಆಲ್ ಅರೌಂಡ್ ಮೈ ಹ್ಯಾಟ್’ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೆ ಏರಿತು. ಜನಪ್ರಿಯತೆಗೆ ಅದು ಸರಿ. ಲಯದ ಪ್ರಶ್ನೆಗೆ ಹೊಸ ಉತ್ತರವೇನೂ ಅದರಲ್ಲಿಲ್ಲ.

ಪೆಂಟ್ಯಾಂಗಲ್ ಎಂಬ ಇನ್ನೊಂದು ತಂಡ ಜಾಝ್ ಕಡೆಯಿಂದ ಬಂತು. ಡಬಲ್ ಬೇಸಿನ ಡ್ಯಾನಿ ಥಾಂಪ್ಸನ್, ಡ್ರಮ್ಮಿನ ಟೆರ್ರಿ ಕಾಕ್ಸ್, ಮುಂದೆ ಬರ್ಟ್ ಜಾನ್ಶ್ ಮತ್ತು ಜಾನ್ ರೆನ್‌ಬರ್ನ್ ಅವರ ಗಿಟಾರುಗಳು, ಜಾಕಿ ಮೆಕ್‌ಶೀ ಅವರ ಹಾಡು. 1969ರ ‘ಬ್ಯಾಸ್ಕೆಟ್ ಆಫ್ ಲೈಟ್’ನಲ್ಲಿ ರೆನ್‌ಬರ್ನ್ ಒಂದು ಹಳೆಯ ಹಾಡಿಗೆ ಸಿತಾರ್ ನುಡಿಸಿದ್ದಾರೆ. ಅದರ ಮೊದಲ ಹಾಡು ‘ಲೈಟ್ ಫ್ಲೈಟ್’ ಐದರ ನಡೆಯಿಂದ ಏಳಕ್ಕೂ, ಮತ್ತೆ ಆರಕ್ಕೂ ಹೊರಳುತ್ತದೆ. ಖಂಡ, ಮಿಶ್ರ ಎಂದು ಎಣಿಸಿ ರೂಢಿಯಿರುವ ನಮ್ಮ ಕೇಳುಗರಿಗೆ ಇದು ತಕ್ಷಣ ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಇದು ಬಿಬಿಸಿ ಟಿವಿ ಧಾರಾವಾಹಿಯೊಂದರ ಶೀರ್ಷಿಕೆ ಗೀತೆಯಾಗಿ ಮನೆಮನೆಗೆ ತಲುಪಿತು. ಶರ್ಲಿ ಕಾಲಿನ್ಸ್ ಅವರ 1971ರ ‘ನೋ ರೋಸಸ್’ ಬಗ್ಗೆಯೂ ಒಂದು ಮಾತು. ಅದರಲ್ಲಿ ಮರಿಯಾ ಮಾರ್ಟನ್ ಎಂಬಾಕೆಯ ಕೊಲೆಯ ಹಾಡಿದೆ, 1827ರಲ್ಲಿ ಸಫೋಕಿನ ಪೋಲ್‌ಸ್ಟೆಡ್‌ನಲ್ಲಿ ನಿಜವಾಗಿ ನಡೆದ ಕೊಲೆ. ಕೆಲವು ಚರಣಗಳಿಗೆ ಪೂರ್ತಿ ಬ್ಯಾಂಡು, ಕೆಲವಕ್ಕೆ ಹರ್ಡಿಗರ್ಡಿ ಎಂಬ, ಚಕ್ರ ತಿರುಗಿಸಿ ನುಡಿಸುವ ಹಳೆಯ ತಂತಿವಾದ್ಯ ಮಾತ್ರ. ತಾಳ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಶರ್ಲಿ ಅವರ ಕಂಠ ಎಲ್ಲಿಯೂ ಬದಲಾಗುವುದಿಲ್ಲ. ಅವರು ಆಮೇಲೆ ದಶಕಗಳ ಕಾಲ ಹಾಡಲಾರದೆ ಇದ್ದು, ಎಂಬತ್ತು ದಾಟಿದ ಮೇಲೆ 2016ರಲ್ಲಿ ಮತ್ತೆ ರೆಕಾರ್ಡು ತಂದರು.

ರೀಮಾಸ್ಟರ್ ಎಂದು ಬರೆದಿರುವುದೆಲ್ಲ ಒಳ್ಳೆಯದಲ್ಲ. ಇದನ್ನು ಒತ್ತಿ ಹೇಳಬೇಕು. 1990ರ ದಶಕದಿಂದ ಸಿಡಿಗಳನ್ನು ಆದಷ್ಟು ಜೋರು ಮಾಡುವ ಪೈಪೋಟಿ ಶುರುವಾಯಿತು. ಸಣ್ಣ ಸದ್ದನ್ನು ಮೇಲಕ್ಕೆತ್ತಿ, ದೊಡ್ಡ ಸದ್ದನ್ನು ಅಮುಕಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು. ‘ಎ ಸೈಲರ್ಸ್ ಲೈಫ್’ನಂಥ ಹಾಡಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಅದರ ಅರ್ಥವೇ ಸಣ್ಣದರಿಂದ ದೊಡ್ಡದಕ್ಕೆ ಬೆಳೆಯುವುದರಲ್ಲಿದೆ. ಇನ್ನು ಕೆಲವರು ಟೇಪಿನ ಸುಯ್ಯೆನ್ನುವ ಸದ್ದನ್ನು ಪೂರ್ತಿ ತೆಗೆಯಲು ಹೋಗುತ್ತಾರೆ. ಆ ಸದ್ದು ಮತ್ತು ಸಿಂಬಲ್ಸ್‌ನ ಕೊನೆಯ ಕಂಪನ ಒಂದೇ ಜಾಗದಲ್ಲಿರುವಂಥವು. ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ. ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ತೊಳೆಯುವುದು ಸರಿ, ಹೊಳಪು ಸಾಲದೆಂದು ಉಜ್ಜುತ್ತಲೇ ಹೋದರೆ ಕಂಠದ ಮೇಲೆ ಕೆತ್ತಿಸಿದ ಅಜ್ಜಿಯ ಹೆಸರೂ ಸವೆದುಹೋಗುತ್ತದೆ. ಹಾಡು ಶುರುವಾಗುವ ಮೊದಲು ಟೇಪಿನ ಸಣ್ಣ ಸದ್ದು ಕೇಳಿಸಿದರೆ ಅದು ಒಳ್ಳೆಯ ಲಕ್ಷಣ. ಹಾಡಿನ ಮೊದಲಿಗೂ ಕೊನೆಗೂ ಜೋರಿನಲ್ಲಿ ವ್ಯತ್ಯಾಸ ಗೊತ್ತಾಗದಿದ್ದರೆ, ಆ ಪ್ರತಿಯನ್ನು ಬಿಟ್ಟು ಬೇರೆ ಹುಡುಕಿ. ‘ಅನ್‌ಹಾಫ್‌ಬ್ರಿಕಿಂಗ್’ನ 2003ರ ಸಿಡಿ, ‘ಲೀಜ್ ಅಂಡ್ ಲೀಫ್’ನ 2002ರ ಸಿಡಿ ಎರಡೂ ನನ್ನ ಕಿವಿಗೆ ಹಿತವಾಗಿವೆ.

ರೇಡಿಯೋದಲ್ಲಿ ಮಾತಾಡುತ್ತಿರುವುದರಿಂದ ಇನ್ನೊಂದು ವಿಷಯ ಹೇಳಲೇಬೇಕು. 1968, 69ರಲ್ಲಿ ಫೇರ್‌ಪೋರ್ಟ್ ತಂಡ ಬಿಬಿಸಿ ಸ್ಟುಡಿಯೋಗಳಲ್ಲಿ ಮತ್ತೆ ಮತ್ತೆ ನುಡಿಸಿತು. ಜಾನ್ ಪೀಲ್ ಅವರ ‘ಟಾಪ್ ಗಿಯರ್’ ಆಗಿನ ಮುಖ್ಯ ಕಾರ್ಯಕ್ರಮ. ತಂಡ ರೆಕಾರ್ಡಿಗೆ ಹಾಡದ ಎಷ್ಟೋ ಹಾಡುಗಳು, ಲೆನರ್ಡ್ ಕೊಹೆನ್ ಅವರದು, ಜೋನಿ ಮಿಚೆಲ್ ಅವರದು, ಅಲ್ಲಿ ಪ್ರಸಾರವಾದವು. ಟೇಪು ದುಬಾರಿಯಾಗಿದ್ದ ಕಾಲ. ಪ್ರಸಾರವಾದ ಮೇಲೆ ಅಳಿಸಿ ಬೇರೆಯದಕ್ಕೆ ಬಳಸುವುದು ಆಗಿನ ಪದ್ಧತಿ. ಹಾಗೆ ಹೋದದ್ದು ಬಹಳ. ಉಳಿದದ್ದರಲ್ಲಿ ಒಂದು ಪಾಲು, ಕೇಳುಗರು ತಮ್ಮ ಮನೆಯ ರೇಡಿಯೋದಿಂದ ಟೇಪಿಗೆ ಹಿಡಿದಿಟ್ಟುಕೊಂಡದ್ದು. ಆಶ್ಲಿ ಹಚಿಂಗ್ಸ್ ಈ ಪ್ರಸಾರಗಳ ಮುದ್ರಣಗಳನ್ನು ಕೂಡಿಹಾಕಿ ಮೊದಲು ಕ್ಯಾಸೆಟ್ಟಾಗಿ ಹಂಚಿದರು. 1987ರಲ್ಲಿ ಅದು ‘ಹೇಡೇ’ ಎಂಬ ರೆಕಾರ್ಡಾಗಿ ಬಂತು. 2007ರಲ್ಲಿ ಬಿಬಿಸಿ ಮುದ್ರಣಗಳ ನಾಲ್ಕು ಸಿಡಿಗಳ ಸಂಗ್ರಹವೂ ಬಂತು. ಮನೆಯ ಟೇಪಿನಿಂದ ಬಂದ ಹಾಡುಗಳಿಗೆ ಮೂಲ ಟೇಪು ಎಂಬುದೇ ಇಲ್ಲ. ರೀಮಾಸ್ಟರ್ ಮಾಡುವವರು ಎಷ್ಟೇ ಕುಶಲಿಗಳಾದರೂ ಆ ಹಾಡುಗಳಿಗೆ ಅಷ್ಟೇ ಸ್ಪಷ್ಟತೆ. ಆದರೆ ‘ಹೇಡೇ’ಯ ಬಹುಪಾಲು ಹಾಡುಗಳಲ್ಲಿ ಡ್ರಮ್ ಬಾರಿಸಿರುವುದು ಮಾರ್ಟಿನ್ ಲ್ಯಾಂಬಲ್. ಆತ ಬಾರಿಸಿದ್ದು ಎರಡೇ ವರ್ಷ, ಮೂರೇ ಎಲ್‌ಪಿ. ನಾಲ್ಕನೆಯದನ್ನು ಕೊಟ್ಟದ್ದು ರೇಡಿಯೋ ಮತ್ತು ಅದರ ಕೇಳುಗರು.

ಈ ಸಂಗೀತಕ್ಕೆ ಹೊಸಬರಾದವರು ಮೊದಲು ‘ಮ್ಯಾಟಿ ಗ್ರೋವ್ಸ್’ ಕೇಳಿ. ಕಥೆ ಗೊತ್ತಿರುವುದರಿಂದ ಕಷ್ಟವಾಗುವುದಿಲ್ಲ. ಎರಡನೆಯ ಸಲ ಕಥೆ ಬಿಟ್ಟು ಡ್ರಮ್ಮನ್ನೇ ಹಿಡಿದುಕೊಂಡು ಹೋಗಿ. ಆಮೇಲೆ ‘ಎ ಸೈಲರ್ಸ್ ಲೈಫ್’ಗೆ ಬನ್ನಿ, ಸದ್ದನ್ನು ಮೊದಲೇ ಹೆಚ್ಚಿಸಬೇಡಿ, ಅದು ತಾನಾಗಿ ಹೆಚ್ಚುತ್ತದೆ. ‘ಹೇಡೇ’ಯನ್ನು ಕೊನೆಗೆ ಇಟ್ಟುಕೊಳ್ಳಿ.